ಪೀಣ್ಯದ ಕಣ್ಣು, ನಿಧಿಯ ಲೆಕ್ಕ

ಬೆಂಗಳೂರು, 14 ನವೆಂಬರ್ 2024, ಗುರುವಾರ

ಹೊಸ ಕಂಪನಿಗಳಲ್ಲಿ ಪಾಲು ಪಡೆದು ಹಣ ಹೂಡುವ ವೆಂಚರ್ ಕ್ಯಾಪಿಟಲ್ ಸಂಸ್ಥೆಯೊಂದನ್ನು ಸೇರಿದ ಮೇಲೆ ಬಂಧುಗಳೂ ಹಳೆಯ ಸಹೋದ್ಯೋಗಿಗಳೂ ಕೇಳುವುದು ಒಂದೇ ಪ್ರಶ್ನೆ: ಎಂಬಿಎ ಮಾಡಿಲ್ಲ, ಬ್ಯಾಂಕಿನಲ್ಲಿ ದುಡಿದಿಲ್ಲ, ಸ್ವಂತ ಕಂಪನಿ ಕಟ್ಟಿಲ್ಲ, ನಿಮ್ಮನ್ನು ಹೇಗೆ ತೆಗೆದುಕೊಂಡರು? ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಂಡಿದ್ದವನು ನಾನು. ನಮ್ಮ ನಿಧಿ ಹಣ ಹೂಡುವುದು ಕಾರ್ಖಾನೆಗಳಿಗೆ ಉಪಕರಣ ಮತ್ತು ತಂತ್ರಾಂಶ ಮಾರುವ ನವೋದ್ಯಮಗಳಲ್ಲಿ. ಅವನ್ನು ಕೊಳ್ಳುವವರ ಪಕ್ಕದಲ್ಲಿ ಕುಳಿತಿದ್ದ ಒಬ್ಬರು ಇವರಿಗೆ ಬೇಕಾಗಿದ್ದರು.

1986ರಲ್ಲಿ ಅಮೆರಿಕದ ವೆಂಚರ್ ಕ್ಯಾಪಿಟಲ್ ಸಂಸ್ಥೆ ಸಿಕೋಯಾ ಸೇರುವ ಮುನ್ನ ಮೈಕೆಲ್ ಮೊರಿಟ್ಜ್ ಟೈಮ್ ಪತ್ರಿಕೆಯ ವರದಿಗಾರರಾಗಿದ್ದರು ಎಂಬುದನ್ನು ನನ್ನಂಥವರು ಪದೇ ಪದೇ ನೆನೆದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆದರೆ ಸಿಲಿಕಾನ್ ಕಣಿವೆಯ ಕಂಪನಿಗಳನ್ನು ವರದಿಗಾರರಾಗಿ ಹತ್ತಿರದಿಂದ ಕಂಡಿದ್ದ ಅವರನ್ನು ಹೊರಗಿನವರು ಎನ್ನುವುದು ಕಷ್ಟ. ನಮ್ಮಲ್ಲಿ ನಿಯಮವೂ ಸಡಿಲವಾಗಿದೆ. ಪರ್ಯಾಯ ಹೂಡಿಕೆ ನಿಧಿಯ, ಅಂದರೆ ನಮ್ಮಂಥ ನಿಧಿಯ, ಪ್ರಮುಖ ತಂಡದಲ್ಲಿ ಒಬ್ಬರಿಗಾದರೂ ಐದು ವರ್ಷಗಳ ಸಂಬಂಧಿತ ಅನುಭವ ಇರಬೇಕೆಂದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2012ರ ನಿಯಮಾವಳಿ ಹೇಳುತ್ತಿತ್ತು. 2023ರ ತಿದ್ದುಪಡಿ ಆ ಜಾಗದಲ್ಲಿ ಸೆಬಿಯದೇ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ಪರೀಕ್ಷೆ ನಡೆಸಿ ಕೊಡುವ ಪ್ರಮಾಣಪತ್ರವನ್ನು ತಂದಿತು. ನನಗಿನ್ನೂ ಅದರ ಅಗತ್ಯವಿಲ್ಲವಾದರೂ ರಾತ್ರಿ ಊಟವಾದ ಮೇಲೆ ಆ ಪರೀಕ್ಷೆಗೆ ಓದುತ್ತಿದ್ದೇನೆ.

ಇಂದು ಬಂದಿದ್ದವರು ಯಂತ್ರದ ತಿರುಗುವ ದಂಡ, ಅಂದರೆ ಸ್ಪಿಂಡಲ್, ಕೆಡುವ ಮೊದಲೇ ಅದರ ಕಂಪನ ಅಳೆದು ಎಚ್ಚರಿಸುವ ಸೆನ್ಸರ್ ತಯಾರಿಸುವ ಇಬ್ಬರು ಯುವಕರು. ನಮ್ಮ ತಂಡದವರು ಮಾರುಕಟ್ಟೆಯ ಗಾತ್ರವನ್ನೂ ಷೇರುಗಳ ಹಂಚಿಕೆಯನ್ನೂ ವಿಚಾರಿಸಿದರು. ನಾನು ಸೆನ್ಸರನ್ನು ಕೈಗೆತ್ತಿಕೊಂಡು, ಕೂಲೆಂಟ್ ಎಣ್ಣೆ ಸಿಡಿಯುವ ಜಾಗದಲ್ಲಿ ಈ ಆಯಸ್ಕಾಂತದ ತಳ ಜಾರುವುದಿಲ್ಲವೇ ಎಂದು ಕೇಳಿದೆ. ಜಾರುತ್ತಿತ್ತು, ಅದಕ್ಕೇ ಈಗ ಸ್ಕ್ರೂ ಹಾಕಿ ಕೂರಿಸುತ್ತಿದ್ದೇವೆ ಎಂದು ತೋರಿಸಿದರು. ಕಾರ್ಖಾನೆಯೊಳಗೆ ನಿಂತು ಕೆಲಸ ಮಾಡಿದವರೆಂಬುದು ಅಲ್ಲೇ ಖಚಿತವಾಯಿತು. ಗ್ರಾಹಕರ ಪಟ್ಟಿ ಉದ್ದವಾಗಿತ್ತು. "ಇದರಲ್ಲಿ ಪಿಒ, ಅಂದರೆ ಖರೀದಿ ಆದೇಶ, ಕೊಟ್ಟವರು ಯಾರು?" ಎಂದಾಗ ಮಾತ್ರ "ಹೆಚ್ಚಿನವು ಇನ್ನೂ ಟ್ರಯಲ್‌ನಲ್ಲಿವೆ ಸರ್" ಎಂಬ ಉತ್ತರ ಬಂತು. ಪುಕ್ಕಟೆಯಾಗಿ ಬಂದ ಉಪಕರಣವನ್ನು ಮೇಂಟೆನೆನ್ಸ್ ಮ್ಯಾನೇಜರ್ ಸಂತೋಷದಿಂದ ಹಾಕಿಸಿಕೊಳ್ಳುತ್ತಾನೆ, ಹೊಗಳಿ ಮೇಲ್ ಕೂಡ ಬರೆಯುತ್ತಾನೆ, ಆದರೆ ಹಣ ಬಿಡುಗಡೆ ಮಾಡುವವರು ಬೇರೆ. ಆ ಕುರ್ಚಿಯಲ್ಲಿ ಕುಳಿತು ಅಂಥ ಮೇಲ್‌ಗಳನ್ನು ನಾನೂ ಬರೆದಿದ್ದೇನೆ.

ಹಣಕಾಸಿನ ಪಾಠ ಕಲಿಯುವುದು ಅಷ್ಟೇನೂ ಕಷ್ಟವಾಗಿಲ್ಲ. ಒಗ್ಗದಿರುವುದು ಒಳ್ಳೆಯ ಕಂಪನಿಗಳನ್ನು ಬೇಡವೆನ್ನುವ ಅಭ್ಯಾಸ. 100 ಕೋಟಿ ರೂಪಾಯಿಯ ನಿಧಿಯೊಂದು 3 ಕೋಟಿ ಹೂಡಿ ಶೇ 20ರಷ್ಟು ಪಾಲು ಪಡೆಯಿತೆಂದು ಭಾವಿಸೋಣ. ಕಂಪನಿ ಮತ್ತೆ ಹಣ ಎತ್ತುವ ಮುಂದಿನ ಎರಡು ಸುತ್ತುಗಳಲ್ಲಿ ಹೊಸ ಹೂಡಿಕೆದಾರರು ತಲಾ ಶೇ 20 ಪಡೆದರೆ ಆ ಪಾಲು ಶೇ 12.8ಕ್ಕೆ ಇಳಿಯುತ್ತದೆ. ಹೂಡಿದ ಕಂಪನಿಗಳಲ್ಲಿ ಬಹುಪಾಲು ಮುಚ್ಚುತ್ತವೆ ಇಲ್ಲವೇ ಅಸಲನ್ನಷ್ಟೇ ಮರಳಿಸುತ್ತವೆ. ಆದ್ದರಿಂದ ಗೆದ್ದ ಒಂದರಿಂದಲೇ ಇಡೀ 100 ಕೋಟಿ ಹಿಂದಿರುಗಬೇಕಾದರೆ ಅದು ಸುಮಾರು 780 ಕೋಟಿ ಬೆಲೆ ಬಾಳಬೇಕು, ಅದೂ ನಿಧಿಯ ಹತ್ತು ವರ್ಷಗಳ ಅವಧಿಯೊಳಗೆ. ವರ್ಷಕ್ಕೆ 30 ಕೋಟಿಯ ವ್ಯವಹಾರ ನಡೆಸಿ, ಕಾರ್ಮಿಕರಿಗೆ ಸಮಯಕ್ಕೆ ಸಂಬಳ ಕೊಟ್ಟು, ಸಾಲ ತೀರಿಸಿಕೊಂಡು ಬರುವ ಘಟಕಗಳನ್ನು ಪೀಣ್ಯದಲ್ಲಿ ನಾವು ಗೌರವದಿಂದ ಕಾಣುತ್ತಿದ್ದೆವು. ಇಲ್ಲಿ ಅಂಥವಕ್ಕೆ ಬ್ಯಾಂಕಿನ ದಾರಿ ತೋರಿಸುತ್ತೇವೆ. ಲೆಕ್ಕ ಸರಿ ಎಂದು ಒಪ್ಪುತ್ತೇನೆ. ಕಳಿಸಿಕೊಡುವಾಗ ಮಾತ್ರ ಮನಸ್ಸಿಗೆ ಹಿಂಸೆಯಾಗುತ್ತದೆ.

ಸೆನ್ಸರ್ ಕಂಪನಿ ಆ 780 ಕೋಟಿಗೆ ಬೆಳೆದೀತೇ ಎಂಬುದರ ಮೇಲೆ ಸೋಮವಾರ ಚರ್ಚೆಯಿದೆ. ಅದಕ್ಕೆ ಮೊದಲು, ಅವರ ಪಟ್ಟಿಯಲ್ಲಿರುವ ದಾಬಸ್‌ಪೇಟೆಯ ಕಾರ್ಖಾನೆಗೆ ನಾಳೆ ಹೋಗಿ ಪರ್ಚೇಸ್ ವಿಭಾಗದವರನ್ನು ಕಾಣಬೇಕು. ಮೇಂಟೆನೆನ್ಸ್‌ನವರು ಏನು ಹೇಳುತ್ತಾರೆಂಬುದು ನನಗೆ ಗೊತ್ತೇ ಇದೆ.