ಅಪ್ಪನ ಕಾರಿಗೆ ಬಿಸಿಲಿನ ತುತ್ತು

ಶಿರಸಿ ಮನೆಯಲ್ಲಿ ಅಪ್ಪನ ಕಾರು ತಿಂಗಳಿಗೊಮ್ಮೆ ಹೊರಬಿದ್ದರೆ ಜಾಸ್ತಿ. ಹೋದ ಮಳೆಗಾಲದಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ ದಿನವೇ, ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್. ಅಂದು ತುಂಬಾ ಹೆದರಿದ್ದೆ. ಕಾರು ಸುಮ್ನೆ ನಿಂತಿದ್ದರೂ ಗಡಿಯಾರ, ಅಲಾರಂ ಎಲ್ಲ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತಲೇ ಇರುತ್ತವೆ.

ಈಗ ಶೆಡ್ಡಿನ ಹೆಂಚಿನ ಮೇಲೆ 10 ವ್ಯಾಟಿನ ಸೋಲಾರ್ ಪ್ಯಾನೆಲ್ ಇದೆ. ನಡುವೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್, ಒಂದು ಫ್ಯೂಸ್. ಅಲ್ಲಿಂದ ವೈರು ಕಾರಿನ ಬ್ಯಾಟರಿಗೆ. ಅಡಿಕೆ ಮರದ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಕರೆಂಟು ಕುಸಿಯುತ್ತದೆ, ಅದಕ್ಕೇ ಎರಡು ಸಲ ಜಾಗ ಬದಲಿಸಿದೆ. ಕಾರಾಗಲಿ, ವಯಸ್ಸಾದ ಅಪ್ಪನಾಗಲಿ, ದಿನಾ ಸ್ವಲ್ಪ ನೋಡಿಕೊಳ್ಳಬೇಕು ಅಲ್ವಾ?

ಇವತ್ತು ಬಿಸಿಲೇರುವ ಮುಂಚೆ ಬ್ಯಾಟರಿಗೆ ಮೀಟರ್ ಹಿಡಿದೆ. 12.6 ವೋಲ್ಟ್, ಅಂದರೆ ಬ್ಯಾಟರಿ ಹೆಚ್ಚುಕಡಿಮೆ ಭರ್ತಿ! ಅಪ್ಪ ಆಗಲೇ ಒದ್ದೆ ಬಟ್ಟೆ ಹಿಡಿದು ಪ್ಯಾನೆಲ್ ಒರೆಸಲು ನಿಂತಿದ್ದರು.