ಗಟ್ಟಿಮೇಳದ ಹೊತ್ತಿಗೆ ಟೀ ಬ್ರೇಕ್

ನಂದಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟ್‌ನಲ್ಲಿ ಬ್ಯಾಂಕ್ವೆಟ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸೇರಿದಾಗ ಇದ್ದದ್ದು 200 ಜನ ಕೂರುವ ಒಂದೇ ಹಾಲ್. ನಾಮಕರಣ, ಷಷ್ಟಿಪೂರ್ತಿ, ಅಪರೂಪಕ್ಕೆ ಯಾವುದೋ ಬ್ಯಾಂಕಿನವರ ಟ್ರೈನಿಂಗ್. ಈಗ ಅದರ ಪಕ್ಕದಲ್ಲೇ 1,200 ಜನ ಹಿಡಿಸುವ ಕನ್ವೆನ್ಷನ್ ಸೆಂಟರ್ ಎದ್ದು ನಿಂತಿದೆ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆಯ ಲೆಕ್ಕಾಚಾರವೇ ಬದಲಾಯಿತು. ಹೊರ ಊರಿನಿಂದ ಬರುವ ಕಂಪನಿಯವರು ಬೆಂಗಳೂರಿನ ಟ್ರಾಫಿಕ್ ಒಳಗೆ ಕಾಲಿಡದೆ ಮೀಟಿಂಗ್ ಮುಗಿಸಿಕೊಂಡು ಹೋಗಬಹುದು. ಆಷಾಢ, ಧನುರ್ಮಾಸದಲ್ಲಿ ಮದುವೆ ಇರಲ್ಲ. ಆಗ ನಮ್ಮ ಹಾಲ್ ನಡೆಸೋದು ಇವರೇ.

ಕಟ್ಟುವಾಗ ನಮ್ಮ ಸಾಹೇಬರು ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ಗೇಲಾರ್ಡ್ ಓಪ್ರಿಲ್ಯಾಂಡ್ ರೆಸಾರ್ಟ್‌ನ ಕಥೆ ಹೇಳುತ್ತಿದ್ದರು. 1977ರಲ್ಲಿ ಸುಮಾರು 600 ಕೊಠಡಿಯಿಂದ ಶುರುವಾದದ್ದು, ಈಗ 2,888 ಕೊಠಡಿ. ಅಲ್ಲಿ ಹಾಲ್ ಜೊತೆ ಕೊಠಡಿಗಳೂ ಬೆಳೆದವು. ನಮ್ಮಲ್ಲಿ ಕೊಠಡಿ 60ಕ್ಕೇ ನಿಂತಿದೆ. ಗಂಡಿನ ಕಡೆಯವರಲ್ಲಿ ಅರ್ಧ ಜನ ಇವತ್ತಿಗೂ ಚಿಕ್ಕಬಳ್ಳಾಪುರದ ಲಾಡ್ಜ್‌ನಲ್ಲೇ ಇಳಿಯಬೇಕು.

ನೀರಿನ ವಿಷಯ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್. ಎಸಿಯದ್ದು ಇನ್ನೊಂದು ಕಥೆ. ಸುಮ್ನೆ ಕೂತ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಬರುತ್ತೆ. ಸಾವಿರ ಜನ ಕೂತರೆ ಬರೀ ಅವರ ಬಿಸಿ ಇಳಿಸೋಕೇ 30 ಟನ್‌ನಷ್ಟು ಎಸಿ ಬೇಕು. ದೀಪ, ಬಿಸಿಲು, ಅಡುಗೆಯ ಹಬೆ ಎಲ್ಲ ಬೇರೆ.

ಆದ್ರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ಒಂದು ಪಾರ್ಟಿಷನ್.

ದೊಡ್ಡ ಹಾಲ್ ಪೂರ್ತಿ ಒಬ್ಬರಿಗೇ ಹೋಗೋದು ವರ್ಷದಲ್ಲಿ ಕೆಲವೇ ದಿನ. ಉಳಿದಂತೆ ನಡುವೆ ಜರುಗಿಸುವ ಗೋಡೆ ಎಳೆದು ಇಬ್ಬರಿಗೆ ಕೊಡ್ತೀವಿ. ಶುರುವಿನಲ್ಲೇ ಒಂದು ಶುಕ್ರವಾರ ಒಂದು ಕಡೆ ಮದುವೆ, ಇನ್ನೊಂದು ಕಡೆ ಕಂಪನಿಯೊಂದರ ವರ್ಷದ ಲೆಕ್ಕದ ಮೀಟಿಂಗ್ ಹಾಕಿದ್ದೆವು. ಅಲ್ಲಿ ಯಾರೋ ಹಿರಿಯ ಅಧಿಕಾರಿ ಎದ್ದು ನಿಂತು, ಈ ಸಲ ವ್ಯಾಪಾರ ಕುಸಿದಿದೆ ಅಂತ ಗಂಭೀರವಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ಈ ಕಡೆಯಿಂದ "ಗಟ್ಟಿಮೇಳ, ಗಟ್ಟಿಮೇಳ!" ಡೋಲು, ನಾಗಸ್ವರ ಒಟ್ಟಿಗೆ ಏರಿತು. ಮೊದಲು ಯಾರೋ ಕಿಸಕ್ಕಂದರು, ಆಮೇಲೆ ಇಡೀ ಹಾಲ್. ಆ ಅಧಿಕಾರಿ ಮಾತ್ರ ನಗಲಿಲ್ಲ. ಬಿಲ್ಲಿನಲ್ಲಿ ಒಳ್ಳೆಯ ಮೊತ್ತವನ್ನೇ ಬಿಟ್ಟುಕೊಡಬೇಕಾಯಿತು.

ಗೋಡೆ ಹಾಕಿದವರು ಒಳ್ಳೆ ಮಾಲನ್ನೇ ಹಾಕಿದ್ದರು. ತಪ್ಪು ಇದ್ದದ್ದು ಮೇಲೆ. ಫಾಲ್ಸ್ ಸೀಲಿಂಗ್‌ವರೆಗೆ ಗೋಡೆ, ಅದರ ಮೇಲೆ ಸ್ಲ್ಯಾಬ್‌ವರೆಗೆ ಬಟಾಬಯಲು. ಸದ್ದು ಆರಾಮಾಗಿ ಮೇಲೆ ಹತ್ತಿ ಆ ಕಡೆ ಇಳಿಯುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಒಂದು ಉಪಾಯ ತೋರಿಸಿದರು. ರಾತ್ರಿ ಒಂದು ಕಡೆ ಎಲ್ಲ ಲೈಟ್ ಹಾಕಿ, ಇನ್ನೊಂದು ಕಡೆ ಪೂರ್ತಿ ಕತ್ತಲು ಮಾಡಿ ನಿಂತೆವು. ಗೋಡೆಯ ಅಡಿಯಲ್ಲಿ ರಬ್ಬರ್ ನೆಲಕ್ಕೆ ಕೂರದ ಕಡೆ ಬೆಳಕಿನ ಗೆರೆ, ಕಂಬದ ಪಕ್ಕ ಇನ್ನೊಂದು ಗೆರೆ. ಏಣಿ ಹತ್ತಿ ಸೀಲಿಂಗ್‌ನ ಒಂದು ಹಲಗೆ ಎತ್ತಿದರೆ ಆಚೆಯ ಲೈಟಿನ ಬೆಳಕೆಲ್ಲ ಅಲ್ಲಿ ಹಬ್ಬಿತ್ತು. "ಬೆಳಕು ಬಂದ ಕಡೆ ಸದ್ದು ಬಾರದೆ ಇರುತ್ತಾ ಸಾರ್?" ಅಂದರು.

ಸ್ಲ್ಯಾಬ್‌ವರೆಗೂ ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆಸಿ, ನಡುವೆ ಸದ್ದು ಹೀರುವ ರಾಕ್‌ವೂಲ್ ತುಂಬಿಸಿದೆವು. ಮಾತು, ಮೈಕು ಈಗ ಆ ಕಡೆ ಕೇಳಲ್ಲ. ಡೋಲು ಮಾತ್ರ ಸ್ವಲ್ಪ ಕೇಳುತ್ತೆ. ದಪ್ಪ ಸದ್ದನ್ನು ಪೂರ್ತಿ ತಡೆಯೋ ಗೋಡೆಗೆ ಕೊಡಬೇಕಾದ ದುಡ್ಡು ನಮ್ಮ ಕೈ ಮೀರಿದ್ದು. ಗಟ್ಟಿಮೇಳ ಸ್ವಲ್ಪ ಮೆಲ್ಲಗೆ ಬಾರಿಸಿ ಅಂತ ಯಾರಿಗಾದರೂ ಹೇಳೋಕಾಗುತ್ತಾ?

ಅದಕ್ಕೇ ಈಗ ಒಂದೇ ದಿನ ಎರಡೂ ಬಿದ್ದರೆ, ಹಿಂದಿನ ದಿನ ಪುರೋಹಿತರಿಗೆ ನಾನೇ ಫೋನ್ ಮಾಡ್ತೀನಿ.

"ಸ್ವಾಮಿ, ಮಾಂಗಲ್ಯಧಾರಣೆ ಎಷ್ಟು ಹೊತ್ತಿಗೆ?"

"10:20ರಿಂದ 11:05ರೊಳಗೆ. ಯಾಕಪ್ಪಾ, ನೀನೂ ಬರ್ತೀಯಾ?"

ಹತ್ತೂವರೆಗೆ ಕಟ್ಟಿಸ್ತೀನಿ ಅಂತ ಅವರ ಬಾಯಲ್ಲಿ ಹೇಳಿಸಿಕೊಂಡು, ಕಂಪನಿಯವರ ಫಂಕ್ಷನ್ ಶೀಟ್‌ನಲ್ಲಿ 10:25ಕ್ಕೆ ಟೀ ಬ್ರೇಕ್ ಬರೆಯುತ್ತೇನೆ. ಡೋಲು ಏರುವ ಹೊತ್ತಿಗೆ ಅವರೆಲ್ಲ ಹೊರಗೆ ಕಾಫಿ ಕಪ್ ಹಿಡಿದು ನಿಂತಿರುತ್ತಾರೆ. ಒಂದಿಬ್ಬರು ಮದುವೆ ಕಡೆಯ ಬಾಗಿಲಲ್ಲಿ ಇಣುಕಿ, ಯಾರೋ ಕೈಗೆ ಕೊಟ್ಟ ಅಕ್ಷತೆ ಹಾಕಿ ಬಂದದ್ದೂ ಉಂಟು.