ಹಲ್ಲೆ ದೂರು ಠಾಣೆಯಲ್ಲೇ ಕೂತರೆ: ಹಿಂಬರಹ ಕೇಳಿ

ಬೇಲಿಯೋ, ಕಾಲುದಾರಿಯೋ, ತೋಟಕ್ಕೆ ಬಿಡುವ ಹಳ್ಳದ ನೀರೋ, ಜಗಳ ಯಾವುದರಿಂದಲೇ ಹುಟ್ಟಿರಲಿ, ಪೆಟ್ಟು ತಿಂದವರು ಠಾಣೆಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕರೆಸಿ ಮಾತಾಡ್ತೀವಿ’. ಎದುರು ಪಾರ್ಟಿಯಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಆಮೇಲೆ ಬೆದರಿಕೆ ಮತ್ತೆ ಶುರು.

ಇದು ಬರೀ ಪೊಲೀಸರ ಉದಾಸೀನವಲ್ಲ, ಅರ್ಧ ಕಾರಣ ಕಾನೂನಿನಲ್ಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 115(2), ಅಂದರೆ ಸಾಧಾರಣ ಗಾಯ, ಮತ್ತು 351, ಅಂದರೆ ಬೆದರಿಕೆ, ಎರಡೂ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಹೊಡೆದರು, ಬೈದರು, ಕೊಲ್ತೀವಿ ಅಂದರು’ ಎಂದಷ್ಟೇ ಬರೆದ ದೂರು ಎನ್‌ಸಿ, ಅಂದರೆ ಅಸಂಜ್ಞೇಯ ಪ್ರಕರಣ, ಆಗಿ ನಿಲ್ಲುವುದು ಇದರಿಂದ. ದಾರಿ ಅಡ್ಡಗಟ್ಟಿದ್ದರೆ 126(2), ಮನೆಯೊಳಗೆ ನುಗ್ಗಿದ್ದರೆ 329(4), ಕತ್ತಿ ಬೀಸಿ ಗಾಯ ಮಾಡಿದ್ದರೆ 118(1), ಮೂಳೆ ಅಥವಾ ಹಲ್ಲು ಮುರಿದಿದ್ದರೆ 117(2). ಇವೆಲ್ಲ ಸಂಜ್ಞೇಯ, ಅಂದರೆ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದು. ಇವುಗಳಲ್ಲಿ ಒಂದಿದ್ದರೂ ಇಡೀ ಪ್ರಕರಣವೇ ಸಂಜ್ಞೇಯವಾಗುತ್ತದೆ. ಆದ್ದರಿಂದ ಎಲ್ಲಿ ತಡೆದರು, ಕೈಯಲ್ಲಿ ಏನಿತ್ತು, ಮೈಯ ಯಾವ ಭಾಗಕ್ಕೆ ಬಿತ್ತು, ಆಡಿದ ಮಾತು ಏನು ಎಂಬುದನ್ನು ಇದ್ದ ಹಾಗೆ ಬರೆಯಿರಿ. ಸೆಕ್ಷನ್ ನಂಬರ್ ನೀವು ಹಾಕಬೇಕಿಲ್ಲ. ಇಲ್ಲದ ಕತ್ತಿಯನ್ನು ಮಾತ್ರ ಸೇರಿಸಬೇಡಿ, ಗಾಯದ ಸರ್ಟಿಫಿಕೇಟ್ ಮುಂದೆ ಅದು ನಿಲ್ಲುವುದಿಲ್ಲ.

ಆ ಸರ್ಟಿಫಿಕೇಟ್‌ಗಾಗಿ ಮೊದಲು ಆಸ್ಪತ್ರೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಯಾಗಲಿ, ಶಿವಮೊಗ್ಗದ ಮೆಗ್ಗಾನ್ ಆಗಲಿ, ‘ಹೊಡೆತದಿಂದ ಆದ ಗಾಯ’ ಎಂದು ಬಾಯಿಬಿಟ್ಟು ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣವಾಗಬಲ್ಲ ಗಾಯದ ಆಸ್ಪತ್ರೆ ದಾಖಲೆ) ಮಾಡಿಸಿ. ನಾಚಿಕೆಗೆ ‘ಬಿದ್ದೆ’ ಅಂದುಬಿಟ್ಟರೆ ಆ ಒಂದು ಪದ ಕೋರ್ಟಿನ ತನಕ ಕಾಡುತ್ತದೆ. ಮಳೆ, ಬಸ್ಸಿಲ್ಲದ ಊರು ಅಂತ ಮಾರನೇ ದಿನ ಹೋಗಿದ್ದರೆ ತಡವಾದ ಕಾರಣವೂ ದೂರಿನಲ್ಲಿರಲಿ.

ಘಟನೆ ಘಾಟಿಯ ಆಚೆ, ಬೇರೆ ಜಿಲ್ಲೆಯಲ್ಲಿ ನಡೆದಿದ್ದರೂ ‘ನಮ್ಮ ಲಿಮಿಟ್ಟಲ್ಲ’ ಎನ್ನುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗದ ಕಾನೂನು) 173ರ ಪ್ರಕಾರ ಯಾವ ಠಾಣೆಯಲ್ಲೂ ಎಫ್‌ಐಆರ್ ಆಗಬೇಕು, ಪ್ರತಿ ಉಚಿತ. ಇ-ಮೇಲ್‌ನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. 118(1) ಈ ಗುಂಪಿಗೇ ಬೀಳುತ್ತದೆ. ‘ವಿಚಾರಣೆ ನಡೀತಿದೆ’ ಅಂದರೆ ಅನುಮತಿ ಯಾವ ತಾರೀಖಿನದು ಎಂದು ಕೇಳಿ, ಅಲ್ಲಿಂದ ದಿನ ಎಣಿಸಿ.

ದೂರು ಕೊಟ್ಟ ದಿನವೇ ನಕಲಿನ ಮೇಲೆ ಸೀಲು, ಸಹಿ ಬೇಕು. ಕ್ರಮ ಇಲ್ಲ ಎಂದಾದರೆ ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ, ಬೇಕು. ಠಾಣೆಯ ರೈಟರ್ (ಬರವಣಿಗೆ ನೋಡಿಕೊಳ್ಳುವ ಪೊಲೀಸ್) ಬಾಯಲ್ಲಿ ಹೇಳಿದ್ದು ಮುಂದಿನ ಯಾವ ಮೆಟ್ಟಿಲಲ್ಲೂ ಉಪಯೋಗಕ್ಕೆ ಬರುವುದಿಲ್ಲ. ಎಫ್‌ಐಆರ್ ನಿರಾಕರಿಸಿದರೆ 173(4)ರಡಿ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ 175(3)ರ ಅರ್ಜಿ. ಅದರ ಜೊತೆ ಅಫಿಡವಿಟ್ ಕಡ್ಡಾಯ. ಎಸ್‌ಪಿ ಮೆಟ್ಟಿಲನ್ನು ಹಾರಿ ಹೋದ ಅರ್ಜಿ ಅಲ್ಲೇ ಬೀಳುತ್ತದೆ. ಎನ್‌ಸಿ ಆದದ್ದಕ್ಕೆ ದಾರಿ ಬೇರೆ: 174(2)ರಡಿ ತನಿಖೆಗೆ ಆದೇಶ ಕೇಳಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿ ಇಲ್ಲ.

ಬೆದರಿಕೆ ಮುಂದುವರಿದರೆ ಹಳೇ ದೂರನ್ನೇ ನೆನಪಿಸುತ್ತ ಅಲೆಯಬೇಡಿ. ಪ್ರತಿ ಸಲವೂ ಹೊಸ ದೂರು, ಅದರಲ್ಲಿ ಹಿಂದಿನದರ ನಂಬರ್. ಇಂಥ ಮೂರು ಕಾಗದ ಸೇರಿದರೆ, ಶಾಂತಿ ಕಾಪಾಡುವಂತೆ 126ರಡಿ ಎದುರಿನವನಿಂದ ಒಂದು ವರ್ಷದವರೆಗೆ ಬಾಂಡ್ ಬರೆಸುವ ವರದಿಯನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕಳಿಸಿ ಎಂದು ಪೊಲೀಸರನ್ನು ಒತ್ತಾಯಿಸಲು ಆಧಾರ ಸಿಗುತ್ತದೆ. ಇದು ನಾಗರಿಕ ಸುರಕ್ಷಾ ಸಂಹಿತೆಯ 126, ಮೇಲಿನ ಅಡ್ಡಗಟ್ಟುವಿಕೆಯದಲ್ಲ. ಠಾಣೆಯ ಮುಚ್ಚಳಿಕೆಗೆ ಈ ಬಾಂಡಿನ ಬಲ ಇಲ್ಲ.

ವಾಟ್ಸ್ಆ್ಯಪ್ ಬೆದರಿಕೆಯ ಸ್ಕ್ರೀನ್‌ಶಾಟ್ ಒಂದೇ ಸಾಲದು. ಮೂಲ ಮೆಸೇಜು, ಆಡಿಯೊ ಅದೇ ಫೋನಿನಲ್ಲಿರಲಿ. ಫೋನ್ ಮಾರಬೇಡಿ, ರಿಸೆಟ್ ಮಾಡಬೇಡಿ. ಅವುಗಳ ನಕಲನ್ನು ಕೋರ್ಟಿಗೆ ಹಾಜರುಪಡಿಸುವಾಗ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ, ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕಾಗುತ್ತದೆ.